ಹಾಡು ತಿದ್ದುವ ಮಾಸ್ತರ

ಕೋಗಳಿ ಸೀಮೆಯಲ್ಲಿ ಹಾಡಿಗೆ ಯಾವತ್ತೂ ಬರ ಬಂದಿಲ್ಲ. ಶಾಸನಗಳು ಕೋಗಳಿ ಐನೂರು ಎಂದು ಕರೆದ ಈ ನಾಡು ಇವತ್ತು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಹಂಚಿಹೋಗಿದೆ. ಮಳೆ ಕೈಕೊಟ್ಟ ವರ್ಷವೂ ಮೈಲಾರದಲ್ಲಿ ಗೊರವರ ಡಮರು ನಿಲ್ಲುವುದಿಲ್ಲ, ಉಚ್ಚಂಗಿದುರ್ಗದ ಹಾದಿಯಲ್ಲಿ ಚೌಡಿಕೆಯ ಸದ್ದು ತಪ್ಪುವುದಿಲ್ಲ. ಈಚೆಗೆ ಇವುಗಳ ಜೊತೆಗೆ ಇನ್ನೊಂದು ಬಗೆಯ ಹಾಡು ಬಂದಿದೆ. ಮೊಬೈಲಿನಲ್ಲಿ ಬರೆದು, ಹತ್ತಿರದ ಪಟ್ಟಣದ ಸ್ಟುಡಿಯೋದಲ್ಲಿ ಟ್ರ್ಯಾಕ್ ಹಾಕಿಸಿ, ಯೂಟ್ಯೂಬಿಗೆ ಏರಿಸುವ ‘ಜಾನಪದ ಸಾಂಗು’. ಬರೆಯುವವರಿದ್ದಾರೆ, ಹಾಡುವವರಿದ್ದಾರೆ, ಕೀಬೋರ್ಡು, ಪ್ಯಾಡು ನುಡಿಸುವವರಿದ್ದಾರೆ. ಸಿಗದವನು ಒಬ್ಬನೇ: “ತಮಾ, ಎರಡನೇ ನುಡ್ಯಾಗ ಮಾತು ತಾಳಕ್ಕ ಸಿಕ್ಕೊಂಡು ಒದ್ದಾಡ್ತೈತಿ, ಅದನ್ನ ಬದ್ಲಿ ಮಾಡಪ” ಎಂದು ಹೇಳುವವನು.

ಹಾಡು ಕಟ್ಟುವುದರಲ್ಲಿ ತಜ್ಞರ ಸಲಹೆ ಎಂದರೆ ನಾವು ಸಾಮಾನ್ಯವಾಗಿ ಊಹಿಸಿಕೊಳ್ಳುವುದು ದೂರದ ಊರಿನ, ದೊಡ್ಡ ಹೆಸರಿನ ಒಬ್ಬರನ್ನು. ಅವರೆದುರು ಹಾಡಬೇಕು, ಅವರು ಚೆನ್ನಾಗಿದೆ ಎನ್ನಬೇಕು ಅಥವಾ ಇಲ್ಲ ಎನ್ನಬೇಕು. ಟಿವಿ ಸ್ಪರ್ಧೆಗಳು ಈ ಚಿತ್ರವನ್ನು ಇನ್ನಷ್ಟು ಗಟ್ಟಿ ಮಾಡಿವೆ. ಅಲ್ಲಿ ಸಿಗುವುದು ತೀರ್ಪು. ತೀರ್ಪಿನಿಂದ ಹಾಡು ತಿದ್ದಿಕೊಳ್ಳುವುದಿಲ್ಲ. ಹಾಡು ಯಾವ ಜಾಗದಲ್ಲಿ, ಯಾವ ಜನಕ್ಕೆ ಕೇಳಿಸಬೇಕೋ ಅಲ್ಲಿ ಕೂತು ಕೇಳಿ, ಕೆಟ್ಟ ಜಾಗವನ್ನು ಬೆರಳಿಟ್ಟು ತೋರಿಸುವ ಕೆಲಸವೇ ಸಲಹೆ. ಅದಕ್ಕೊಂದು ಹುದ್ದೆ ಈ ಸೀಮೆಯಲ್ಲಿ ಮೊದಲೇ ಇತ್ತು. ಅದನ್ನು ನಾವು ಕೈಬಿಟ್ಟಿದ್ದೇವೆ. ಹೊಸ ಹಾಡುಗಾರರಿಗೆ ಬೇಕಾದ ಮೊದಲ ತಜ್ಞನನ್ನು ಅಲ್ಲಿಂದಲೇ ಎತ್ತಿಕೊಳ್ಳಬೇಕು, ಹೊರಗಿನ ತಜ್ಞರ ಬಳಿಗೆ ಅದರ ಮೇಲೆ ಹೋಗಬೇಕು ಎನ್ನುವುದು ನನ್ನ ವಾದ.

ಆ ಹುದ್ದೆ ಬಯಲಾಟದ ಮಾಸ್ತರನದು. ಊರ ಹುಡುಗರು ಸೇರಿ ಒಂದು ಆಟ ಕಲಿಯಬೇಕೆಂದು ನಿಶ್ಚಯಿಸಿದರೆ ಮೊದಲು ಮಾಸ್ತರನನ್ನು ಗೊತ್ತುಮಾಡುತ್ತಿದ್ದರು. ತಿಂಗಳುಗಟ್ಟಲೆ ರಾತ್ರಿ ತಾಲೀಮು. ಮಾಸ್ತರನ ಊಟ ವಸತಿ ಊರಿನದು. ಕೊನೆಗೆ ಮಾತಾಡಿದಷ್ಟು ದುಡ್ಡು, ಆಟದ ರಾತ್ರಿ ರಂಗದ ಮೇಲೆ ಆಯೇರಿಯ ಉಡುಗೊರೆ. ದೊಡ್ಡಾಟದಲ್ಲಿ ಪಾತ್ರಧಾರಿ ತಾನೇ ಹಾಡಬೇಕು, ಹಿಮ್ಮೇಳದವರು ಅದನ್ನು ಎತ್ತಿಕೊಳ್ಳಬೇಕು. ಹಗಲೆಲ್ಲ ಹೊಲದಲ್ಲಿ ದುಡಿದ ಹುಡುಗನ ಬಾಯಲ್ಲಿ ಪದ ನಿಲ್ಲಿಸುವುದು ಮಾಸ್ತರನ ಹೊಣೆ. ಹಾಗಾಗಿ ಅವನು ಒಂದೇ ಏಟಿಗೆ ಮೂರು ಕೆಲಸ ಮಾಡುತ್ತಿದ್ದ. ಮಾತನ್ನು ನಾಲಗೆಗೆ ಹೊಂದಿಸುತ್ತಿದ್ದ. ಧಾಟಿಯನ್ನು ಕೊರಳಿಗೆ ಹೊಂದಿಸುತ್ತಿದ್ದ, ಒಬ್ಬನಿಗೆ ಶ್ರುತಿ ಏರಿಸಿ ಇನ್ನೊಬ್ಬನಿಗೆ ಇಳಿಸುತ್ತಿದ್ದ. ಪೇಟಿ, ಅಂದರೆ ಹಾರ್ಮೋನಿಯಂ, ಎಲ್ಲಿ ಸುಮ್ಮನಿರಬೇಕು, ಮದ್ದಳೆ ಎಲ್ಲಿ ತುಂಬಬೇಕು, ತಾಳ ಎಲ್ಲಿ ಬಿಡಬೇಕು ಎಂದು ಹಿಮ್ಮೇಳಕ್ಕೆ ಹೇಳಿಕೊಡುತ್ತಿದ್ದ. ಈಗಿನ ಮಾತಿನಲ್ಲಿ ಹೇಳುವುದಾದರೆ ಸಾಹಿತ್ಯ, ರಾಗಸಂಯೋಜನೆ, ವಾದ್ಯಸಂಯೋಜನೆ ಮೂರಕ್ಕೂ ಅವನೇ ಸಲಹೆಗಾರ.

ಈ ಕೆಲಸದಲ್ಲಿ ಎಂಥ ತಿಳಿವಳಿಕೆ ಅಡಗಿದೆ ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. ಬಯಲಾಟದ ಪದಗಳಲ್ಲಿ ಕಂದ, ಭಾಮಿನಿ, ವಾರ್ಧಿಕ, ದ್ವಿಪದಿ ಎಲ್ಲ ಬರುತ್ತವೆ. ಕಂದದ ಗಣ ನಾಲ್ಕು ಮಾತ್ರೆಯದು. ವಾರ್ಧಿಕದ ನಡೆ ಐದು ಮಾತ್ರೆ. ಭಾಮಿನಿಯದು ಮೂರು-ನಾಲ್ಕು, ಮೂರು-ನಾಲ್ಕು, ಅಂದರೆ ಏಳು. ಇವನ್ನು ತಾಳವಿಲ್ಲದೆ ಎತ್ತಿ ಹಾಡುವ ರೂಢಿಯೂ ಉಂಟು. ತಾಳಕ್ಕೆ ಕೂಡಿಸುವುದಾದರೆ ಭಾಮಿನಿ ಏಳು ಎಣಿಕೆಯ ತಾಳದಲ್ಲಿ ಹಾಯಾಗಿ ಕೂರುತ್ತದೆ, ವಾರ್ಧಿಕ ಐದರ ನಡೆಯಲ್ಲಿ. ಈಗ ಅದೇ ಭಾಮಿನಿಯ ನಡೆಯಲ್ಲಿ ಬರೆದ ಒಂದು ಹಾಡನ್ನು ಕೀಬೋರ್ಡಿನ ಸಿದ್ಧ ಎಂಟೆಣಿಕೆಯ ಲೂಪಿಗೆ ಹಾಕಿ ನೋಡಿ. ಪ್ರತಿ ಸುತ್ತಿಗೆ ಒಂದು ಮಾತ್ರೆ ಹೆಚ್ಚಾಗಿ ಉಳಿಯುತ್ತದೆ. ಅದನ್ನು ತುಂಬಲು ಹಾಡುಗಾರ ಯಾವುದೋ ಒಂದು ಹ್ರಸ್ವಾಕ್ಷರವನ್ನು ಎಳೆಯುತ್ತಾನೆ. ಕನ್ನಡದಲ್ಲಿ ಹ್ರಸ್ವ ಎಳೆದರೆ ಅರ್ಥವೇ ಬೇರೆ. ಮನ ಹೋಯಿತು ಎಂದು ಬರೆದದ್ದು ಮಾನ ಹೋಯಿತು ಎಂದು ಕೇಳಿಸುತ್ತದೆ. ಹಾಡಿನಲ್ಲಿ ಏನೋ ಸರಿಯಿಲ್ಲ ಎಂದು ಹುಡುಗನಿಗೆ ಅನ್ನಿಸುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಸಾಹಿತ್ಯ ಸಪ್ಪೆ ಎಂದು ಸಾಲನ್ನೇ ಕಿತ್ತುಹಾಕುತ್ತಾನೆ. ಕೆಟ್ಟದ್ದು ಸಾಲಲ್ಲ, ತಾಳ. ಮಾಸ್ತರನಿಗೆ ಇದು ಒಂದು ಸಲ ಕೇಳಿದರೆ ಸಾಕು, ತಿಳಿಯುತ್ತದೆ. ಅವನು ಹೇಳುವುದು ಒಂದೇ ಮಾತು: ಪದ ಇರಲಿ, ತಾಳ ಬದಲಿಸು.

ತ್ರಿಪದಿಯ ಕಥೆಯೂ ಇದೇ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲದಿಂದ ಬೀಸುವಕಲ್ಲಿನವರೆಗೆ ನಡೆದುಬಂದ ಈ ಛಂದಸ್ಸಿನಲ್ಲಿ 11 ಗಣ. 6ನೆಯದೂ 10ನೆಯದೂ ಮಾತ್ರ ಚಿಕ್ಕವು. ಹಾಡುವಾಗ ಎರಡನೇ ಸಾಲನ್ನು ಮರಳಿಸುವುದರಿಂದ ಮೂರು ಸಾಲಿನ ಪದ್ಯ ಕಿವಿಗೆ ನಾಲ್ಕು ಸಾಲಿನಂತೆ ಕೇಳಿಸುತ್ತದೆ. ಆ ಚಿಕ್ಕ ಗಣಗಳಲ್ಲಿ ಉಸಿರಿಗೆ, ತಿರುವಿಗೆ ಜಾಗವಿದೆ. ಹೊಸ ಟ್ರ್ಯಾಕುಗಳಲ್ಲಿ ಆ ಜಾಗವನ್ನೆಲ್ಲ ತಾಳದ ಪೆಟ್ಟಿನಿಂದ ತುಂಬಿಬಿಡುತ್ತಾರೆ. ತ್ರಿಪದಿ ಹಳತಾಯಿತು, ಈಗಿನವರಿಗೆ ಹಿಡಿಸುವುದಿಲ್ಲ ಎನ್ನುವವರು ಅದು ಉಸಿರಾಡುವ ಜಾಗವನ್ನು ಒಮ್ಮೆ ಖಾಲಿ ಬಿಟ್ಟು ನೋಡಿಲ್ಲ.

ಮಾಸ್ತರನ ಮೂರು ಕೆಲಸಗಳೂ ಈಗ ಮೂರು ಕಡೆ ಚೆದುರಿಹೋಗಿವೆ. ಮಾತಿನ ಕೆಲಸ ಸಾಹಿತ್ಯದ ಕಮ್ಮಟಗಳಿಗೆ ಹೋಗಿದೆ. ಅಲ್ಲಿ ಕವಿತೆ ಓದುತ್ತಾರೆ, ಹಾಡುವುದಿಲ್ಲ. ಧಾಟಿಯ ಕೆಲಸ ಸಂಗೀತ ಪಾಠಶಾಲೆಗೆ ಹೋಗಿದೆ. ಅಲ್ಲಿ ರಾಗ ಕಲಿಸುತ್ತಾರೆ, ಇರುವ ಬಂದಿಶ್ ಅಥವಾ ಕೃತಿಯನ್ನು ಸರಿಯಾಗಿ ಹಾಡುವುದನ್ನು ಪರೀಕ್ಷಿಸುತ್ತಾರೆ, ಹೊಸದೊಂದನ್ನು ಕಟ್ಟಿ ತಾ ಎನ್ನುವುದು ಅಪರೂಪ. ವಾದ್ಯದ ಕೆಲಸ ಸ್ಟುಡಿಯೋದವನ ಪಾಲಾಗಿದೆ. ಅವನು ಗಂಟೆಯ ಲೆಕ್ಕದಲ್ಲಿ ದುಡಿಯುವವನು. ಹಾಡು ಬೇಗ ಮುಗಿದಷ್ಟೂ ಅವನಿಗೆ ಅನುಕೂಲ. ಮೂವರೂ ತಮ್ಮ ತಮ್ಮ ಕೆಲಸದಲ್ಲಿ ನಿಪುಣರೇ ಇರಬಹುದು. ಆದರೆ ಮಾತಿನ ದೋಷವೊಂದು ತಾಳದಿಂದ ಹುಟ್ಟಿದ್ದರೆ ಅದು ಮೂವರ ಕಣ್ಣಿಗೂ ಬೀಳುವುದಿಲ್ಲ.

ಮೂರನ್ನೂ ಒಟ್ಟಿಗೆ ಹಿಡಿದ ದೊಡ್ಡ ಉದಾಹರಣೆ ನಮ್ಮಿಂದ ದೂರವೇನಿಲ್ಲ. ಹಡಗಲಿ ಕಡೆಯಿಂದ ತುಂಗಭದ್ರೆ ದಾಟಿದರೆ ಮುಂಡರಗಿ, ಮುಂದೆ ಗದಗ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮವನ್ನು ಪಂಚಾಕ್ಷರಿ ಗವಾಯಿಗಳ ತರುವಾಯ, ಅಂದರೆ 1944ರಿಂದ 2010ರಲ್ಲಿ ತಾವು ತೀರಿಕೊಳ್ಳುವವರೆಗೆ, ನಡೆಸಿದ ಪುಟ್ಟರಾಜ ಗವಾಯಿಗಳು ಹಿಂದೂಸ್ತಾನಿ, ಕರ್ನಾಟಕಿ ಎರಡನ್ನೂ ಬಲ್ಲವರು. ಹಲವು ವಾದ್ಯ ನುಡಿಸಿದವರು, ಪುರಾಣ ಬರೆದವರು, ನಾಟಕ ಬರೆದವರು, ನಾಟಕ ಕಂಪನಿಯನ್ನೂ ನಡೆಸಿದವರು. ಮಾತು, ಸ್ವರ, ವಾದ್ಯ, ರಂಗ ಎಲ್ಲ ಒಂದೇ ಛಾವಣಿಯಡಿ ಇದ್ದದ್ದರಿಂದ ಅಲ್ಲಿ ಕಲಿತವರಿಗೆ ಒಂದರ ತಪ್ಪು ಇನ್ನೊಂದರಲ್ಲಿ ಕೇಳಿಸುತ್ತಿತ್ತು. ಇಂದಿನ ಹೆಸರಾಂತ ಗಾಯಕ ವೆಂಕಟೇಶ್ ಕುಮಾರ್ ಬಳ್ಳಾರಿ ಸೀಮೆಯ ಲಕ್ಷ್ಮೀಪುರದವರು. ತಂದೆ ಜನಪದ ಗಾಯಕ, ಸೋದರಮಾವ ಬೆಳಗಲ್ಲು ವೀರಣ್ಣ ತೊಗಲುಗೊಂಬೆ ಆಡಿಸುತ್ತಿದ್ದವರು, ರಂಗನಟರಾಗಿದ್ದವರು. ಬಾಲಕನಾಗಿದ್ದಾಗಲೇ ಆಶ್ರಮ ಸೇರಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿದ್ದರು. ಅವರು ವಚನ, ದಾಸರ ಪದ ಹಾಡುವಾಗ ರಾಗದ ವಿಸ್ತಾರದ ನಡುವೆಯೂ ಮಾತು ಮುರಿಯದೆ ಉಳಿಯುತ್ತದೆ. ಶಾಸ್ತ್ರ ಸಿಕ್ಕುವ ಮೊದಲೇ ಗೊಂಬೆಯಾಟದ ಮನೆಯಲ್ಲಿ ಮಾತಿನ ಮರ್ಯಾದೆ ಕಿವಿಗೆ ಬಿದ್ದಿತ್ತು ಎಂದು ನಾನು ಇದನ್ನು ಓದುತ್ತೇನೆ.

ಇನ್ನು ವಾದ್ಯದ ವಿಚಾರ. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಗಣಪತಿ ಹಬ್ಬದಲ್ಲಿ ಸಿನಿಮಾ ಹಾಡು ಹಾಡುವ ತಂಡ. ವಾದ್ಯಸಂಯೋಜನೆ ಎಂಬುದು ಬೆಂಗಳೂರಿನ ಕೆಲಸ ಎಂದೇ ತಿಳಿದಿದ್ದೇವೆ. ನಿಜದಲ್ಲಿ ಜೋಗತಿಯರ ಮೇಳವೂ ವಾದ್ಯಸಂಯೋಜನೆಯೇ. ಚೌಡಿಕೆಯ ತಂತಿಯನ್ನು ಬಿಗಿ ಮಾಡಿ ಸಡಿಲಿಸಿ ಸ್ವರವನ್ನು ಜಾರಿಸುತ್ತಾರೆ. ಶ್ರುತಿಯ ತಂತಿ ಒಂದೇ ಸ್ವರದಲ್ಲಿ ನಿಂತಿರುತ್ತದೆ. ಕಂಚಿನ ತಾಳ ಎತ್ತರದಲ್ಲಿ ಮಿಂಚುತ್ತದೆ. ನಡುವಿನ ಜಾಗ ಪೂರ್ತಿ ಖಾಲಿ, ಅದು ಹಾಡುವವಳ ಕೊರಳಿಗೆ ಬಿಟ್ಟದ್ದು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಕಾಳವ್ವ ಜೋಗತಿಯಿಂದ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮೇಲೆ ಈ ಮೇಳಕ್ಕೆ ದೊಡ್ಡ ವೇದಿಕೆಗಳೂ ಸಿಕ್ಕಿವೆ. ಆದರೆ ಜೋಗತಿ ಪದದ ಧಾಟಿಯನ್ನು ಹೊಸ ಟ್ರ್ಯಾಕಿಗೆ ಇಳಿಸುವವರು ಮೊದಲು ಮಾಡುವ ಕೆಲಸ ಕೆಳಗೆ ಬೇಸ್ ಗಿಟಾರ್, ಅದರ ಮೇಲೆ ಡೊಳ್ಳಿನ ಸ್ಯಾಂಪಲ್, ನಡುವೆ ಕೀಬೋರ್ಡಿನ ತಂತಿವಾದ್ಯ ತುಂಬುವುದು. ಜೋರಾದ ತಗ್ಗುಸ್ವರ ತನಗಿಂತ ಮೇಲಿನ ಮೆಲುದನಿಗಳನ್ನು ನುಂಗುತ್ತದೆ, ಇದು ಕಿವಿಯ ಸ್ವಭಾವ. ಚ, ಸ, ತ, ಪ ಮುಂತಾದ ವ್ಯಂಜನಗಳಲ್ಲಿ ಶಕ್ತಿ ಕಡಿಮೆ, ಅವೇ ಮೊದಲು ಕಾಣೆಯಾಗುತ್ತವೆ. ಜಾತ್ರೆಯ ದೊಡ್ಡ ಬಾಕ್ಸಿನಲ್ಲಿ ಹಾಕಿದಾಗ ಸ್ವರ ಉಳಿದು ಮಾತು ಹೋಗುತ್ತದೆ. ಇದಕ್ಕೆ ಪರಿಹಾರ ಹಾಡುಗಾರ ಇನ್ನೂ ಜೋರಾಗಿ ಹಾಡುವುದಲ್ಲ, ಎರಡು ವಾದ್ಯ ತೆಗೆಯುವುದು. ವಾದ್ಯಸಂಯೋಜನೆಯ ಸಲಹೆಯಲ್ಲಿ ಬಹುಪಾಲು ಯಾವುದನ್ನು ತೆಗೆಯಬೇಕು ಎಂಬುದೇ ಆಗಿರುತ್ತದೆ.

ಊರಿನ ಮಾಸ್ತರನ ಪರ ಇಷ್ಟು ಮಾತಾಡಿದ ಮೇಲೆ ಒಂದು ಪ್ರಶ್ನೆ ಏಳಬೇಕು. ಹೆಚ್ಚು ಓದಿದ, ಹೆಚ್ಚು ಕೇಳಿದ ಹೊರಗಿನ ತಜ್ಞನ ಮಾತಿಗಿಂತ ಇವನ ಮಾತು ಏಕೆ ಮೊದಲು? ಹಾರ್ಮೋನಿಯಂ ಪೆಟ್ಟಿಗೆಯ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ವಾದ್ಯವನ್ನು ನಿಷೇಧಿಸಿತು. ಸಲಹೆ ಕೊಟ್ಟವರು ಸಾಮಾನ್ಯರಲ್ಲ. ದೆಹಲಿ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಬ್ರಿಟಿಷ್ ಸಂಯೋಜಕ ಜಾನ್ ಫೌಲ್ಡ್ಸ್ ಅದರ ವಿರುದ್ಧ ಬರೆದಿದ್ದರು, ರವೀಂದ್ರನಾಥ ಠಾಕೂರರಿಗೂ ಅದು ಬೇಡವಾಗಿತ್ತು. ಅವರ ವಾದದಲ್ಲಿ ಹುರುಳಿತ್ತು. ಪೆಟ್ಟಿಗೆಯ ಸ್ವರ ಕಟ್ಟಿಹಾಕಿದ ಸ್ವರ, ಅದರಲ್ಲಿ ಮೀಂಡ್ ಬರುವುದಿಲ್ಲ, ಗಮಕ ಬರುವುದಿಲ್ಲ. ಮೂವತ್ತು ವರ್ಷ ದಾಟಿ 1971ರ ಹೊತ್ತಿಗೆ ನಿಷೇಧ ಸಡಿಲವಾಯಿತು. ಅಷ್ಟೂ ಕಾಲ ಬಯಲಾಟದ ಅಟ್ಟ, ಕಂಪನಿ ನಾಟಕದ ರಂಗ, ಭಜನೆಯ ಗುಡಿ ಯಾವುದೂ ಪೇಟಿಯನ್ನು ಬಿಡಲಿಲ್ಲ. ಅಲ್ಲಿ ಪೇಟಿಯ ಕೆಲಸವೇ ಬೇರೆ. ಬಯಲಿನಲ್ಲಿ ಗಾಳಿಯ ನಡುವೆ ಹತ್ತು ಜನರ ಶ್ರುತಿ ಹಿಡಿದಿಡಬೇಕು, ಒಬ್ಬನೇ ಹೊತ್ತೊಯ್ಯುವಂತಿರಬೇಕು, ತಂತಿಯ ಹಾಗೆ ಚಳಿಗೆ ಬಿಸಿಲಿಗೆ ಶ್ರುತಿ ಕೆಡಬಾರದು. ಸುಭದ್ರಮ್ಮ ಮನ್ಸೂರರಂಥ ರಂಗಗಾಯಕಿಯರು ಬೆಳೆದದ್ದು ಆ ಪೇಟಿಯ ಪಕ್ಕದಲ್ಲೇ.

ತಜ್ಞರು ಸ್ವರದ ಬಗ್ಗೆ ಹೇಳಿದ್ದು ಸರಿ, ಬಳಕೆಯ ಬಗ್ಗೆ ಕೈಗೊಂಡ ತೀರ್ಮಾನ ತಪ್ಪು. ಇದರಿಂದ ಸಲಹೆ ಕೇಳುವವನು ಕಲಿಯಬೇಕಾದದ್ದು ಇಷ್ಟು: ಒಬ್ಬ ತಜ್ಞನ ಮಾತು ಯಾವ ಜಾಗಕ್ಕೆ ಸಲ್ಲುತ್ತದೆ ಎಂದು ಮೊದಲು ವಿಚಾರಿಸಬೇಕು. ಮುಚ್ಚಿದ ಸಭಾಂಗಣದ ಕಿವಿ ಬೇರೆ, ಕೊಟ್ಟೂರಿನ ತೇರುಬಯಲಿನ ಕಿವಿ ಬೇರೆ. ಜಾಗ ಗೊತ್ತಿಲ್ಲದವನಿಂದ ತತ್ವ ಕೇಳಬಹುದು, ತೀರ್ಮಾನ ಕೇಳಬಾರದು.

ಹಾಗೆಂದು ಹೊರಗಿನ ತಜ್ಞರು ಬೇಡವೆಂದಲ್ಲ. ಮಾಸ್ತರನಿಗೆ ಗೊತ್ತಿಲ್ಲದ್ದು ಬಹಳ ಇದೆ. ಪಿಟೀಲುಗಳ ಗುಂಪಿಗೆ ಹೇಗೆ ಬರೆಯಬೇಕು, ಒಂದು ಸ್ವರದ ಕೆಳಗೆ ಇನ್ನೊಂದನ್ನು ಹೇಗೆ ನಡೆಸಬೇಕು, ಧ್ವನಿಮುದ್ರಣದಲ್ಲಿ ಮೈಕು ಎಲ್ಲಿಡಬೇಕು ಎಂಬುದನ್ನು ಆ ವಿದ್ಯೆ ಬಲ್ಲವರಿಂದಲೇ ಕಲಿಯಬೇಕು. ಇಳಯರಾಜ ತಮಿಳುನಾಡಿನ ಪಣ್ಣೈಪುರದ ಹಳ್ಳಿಯಿಂದ ಬಂದವರು. ಅಣ್ಣನ ತಂಡದ ಜೊತೆ ಊರೂರು ತಿರುಗಿ, ಪೇಟಿ ನುಡಿಸಿ, ಧಾಟಿಗಳನ್ನು ಕಿವಿಯಲ್ಲಿ ತುಂಬಿಕೊಂಡ ಮೇಲೆ ಮದ್ರಾಸಿಗೆ ಹೋದರು. ಅಲ್ಲಿ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸ್ವರಲಿಪಿ, ವಾದ್ಯ ಬರವಣಿಗೆ ಕಲಿತರು. ಕನ್ನಡ ಚಿತ್ರಗಳಿಗೆ ಸಂಗೀತ ಕೊಡುತ್ತಿದ್ದ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ದುಡಿದರು. 1976ರಲ್ಲಿ ಇಳಯರಾಜರ ಮೊದಲ ಚಿತ್ರ ಬಂದಾಗ ಅದರ ಹಾಡುಗಳಲ್ಲಿ ಹಳ್ಳಿಯ ಧಾಟಿಯೂ ಇತ್ತು, ಕಲಿತ ವಾದ್ಯವಿದ್ಯೆಯೂ ಇತ್ತು. ಧಾಟಿ ಕೊಡಿ ಎಂದು ಅವರು ಮದ್ರಾಸಿಗೆ ಹೋಗಲಿಲ್ಲ, ಧಾಟಿ ಕೈಯಲ್ಲಿತ್ತು. ಕಾಣೆಯಾಗಿದ್ದ ಒಂದು ವಿದ್ಯೆಯನ್ನು ಹೆಸರು ಹಿಡಿದು ಕೇಳಿದರು. ಬಿ.ವಿ. ಕಾರಂತರದೂ ಇದೇ ದಾರಿ. ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿ ರಂಗಸಂಗೀತ ಕೇಳಿದ ಮೇಲೆ ಬನಾರಸಿಗೆ ಹೋಗಿ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಕಲಿತರು, ಹಿಂದಿರುಗಿ ನಾಟಕಕ್ಕೆ ಬೇಕಾದಷ್ಟನ್ನೇ ಬಳಸಿದರು.

ಹೊರಗಿನವರನ್ನು ಕೇಳಲೇಬೇಕಾದ ಇನ್ನೊಂದು ವಿಷಯ ಹಕ್ಕಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ ಮೂಲ ವ್ಯಾಖ್ಯೆಯಲ್ಲಿ ಬರವಣಿಗೆಗೆ ಇಳಿಯದ ಧಾಟಿ ಸಂಗೀತಕೃತಿ ಎನಿಸುತ್ತಿರಲಿಲ್ಲ. 1994ರ ತಿದ್ದುಪಡಿ ಬರುವವರೆಗೆ, ಸ್ವರಲಿಪಿ ಬಾರದ ಒಬ್ಬ ಮಾಸ್ತರ ಕಟ್ಟಿದ ಮಟ್ಟು ಕಾನೂನಿನ ಲೆಕ್ಕಕ್ಕೆ ಸೇರಿರಲಿಲ್ಲ. ಈಗ ಸೇರುತ್ತದೆ. ಸಾಹಿತ್ಯ ಒಂದು ಕೃತಿ, ರಾಗಸಂಯೋಜನೆ ಇನ್ನೊಂದು, ಧ್ವನಿಮುದ್ರಣ ಮೂರನೆಯದು. 2012ರ ತಿದ್ದುಪಡಿಯ ಪ್ರಕಾರ ಬರೆದವರು ಮತ್ತು ರಾಗ ಕೂಡಿಸಿದವರು ತಮಗೆ ಬರಬೇಕಾದ ರಾಯಧನದ ಪಾಲನ್ನು ಹಾಡಿನ ಕಂಪನಿಗೆ ಬರೆದುಕೊಟ್ಟು ಕಳೆದುಕೊಳ್ಳುವಂತಿಲ್ಲ. ಚಾನೆಲ್ಲಿನವರು ಚಾಚಿದ ಕಾಗದಕ್ಕೆ ರುಜು ಹಾಕುವ ಮುನ್ನ ಕೂಡ್ಲಿಗಿಯ ಹುಡುಗನಿಗೆ ಇದನ್ನು ಹೇಳುವವರು ಬೇಕು. ಒಳ್ಳೆಯ ಪಲ್ಲವಿಯಷ್ಟೇ ಮುಖ್ಯವಾದ ಸಲಹೆ ಇದು.

ಎರಡು ಆಕ್ಷೇಪಗಳಿವೆ. ಜನಪದಕ್ಕೆ ತಜ್ಞರೇ ಬೇಡ, ತಿದ್ದಿದರೆ ಅದು ಕೆಡುತ್ತದೆ ಎನ್ನುವುದು ಮೊದಲನೆಯದು. ಹೀಗೆನ್ನುವವರು ಜನಪದವನ್ನು ತಾನಾಗಿ ಬೆಳೆದ ಕಾಡುಹೂವು ಎಂದುಕೊಂಡಿದ್ದಾರೆ. ಅದು ಹಾಗಿಲ್ಲ. ಕಾಳವ್ವ ಮಂಜಮ್ಮನನ್ನು ತಿದ್ದಿದ್ದಾಳೆ, ಮಾಸ್ತರ ಪಾತ್ರಧಾರಿಯನ್ನು ತಿದ್ದಿದ್ದಾನೆ. ಹರಪನಹಳ್ಳಿಯ ಭೀಮವ್ವ ಭೀಮೇಶಕೃಷ್ಣ ಎಂಬ ಅಂಕಿತದಲ್ಲಿ ಕಟ್ಟಿದ ಪದಗಳನ್ನು ಹಾಡುತ್ತ ಬಂದ ಹೆಂಗಸರು ಕಿರಿಯರ ತಪ್ಪನ್ನು ಕೂತಲ್ಲೇ ಸರಿಪಡಿಸುತ್ತ ಬಂದಿದ್ದಾರೆ. ತಿದ್ದುವವರಿಗೆ ತಜ್ಞ ಎಂಬ ಬಿರುದು ಇರಲಿಲ್ಲ, ಅಷ್ಟೇ. ಬಿರುದಿಲ್ಲ ಎಂದು ಅವರ ವಿದ್ಯೆಯನ್ನು ಬರಿಯ ಸಹಜತೆ ಎನ್ನುವುದು ಹೊಗಳಿಕೆಯ ವೇಷದ ಅವಮಾನ.

ಎರಡನೆಯದು, ಈಗ ಫೋನೇ ಎಲ್ಲ ಮಾಡಿಕೊಡುತ್ತದೆ, ಸಾಲು ಕೊಟ್ಟರೆ ರಾಗ, ವಾದ್ಯ, ಕೊರಳು ಸಮೇತ ಹಾಡು ಬರುತ್ತದೆ ಎನ್ನುವುದು. ಬರುತ್ತದೆ, ನಿಜ. ಆದರೆ ಯಂತ್ರ ಕೊಡುವುದು ಉತ್ತರ. ಆ ಉತ್ತರ ಈ ಬಯಲಿಗೆ, ಈ ಕೊರಳಿಗೆ ಹೊಂದುತ್ತದೆಯೇ ಎಂದು ನೋಡಲು ಒಂದು ಕಿವಿ ಬೇಕೇಬೇಕು. ಯಂತ್ರದಿಂದ ಹತ್ತು ಧಾಟಿ ಬಂದರೆ ಆರಿಸುವ ಕಷ್ಟ ಹತ್ತು ಪಟ್ಟಾಗುತ್ತದೆ. ತಿದ್ದುವವನ ಅಗತ್ಯ ಇದರಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ತಾಲ್ಲೂಕಿಗೊಂದು ಜಾಗ, ತಿಂಗಳಿಗೊಂದು ದಿನ. ಇನ್ನೂ ಆಟ ಕಲಿಸಬಲ್ಲ ಒಬ್ಬ ಬಯಲಾಟದ ಮಾಸ್ತರ ಅಥವಾ ಪೇಟಿ ಮಾಸ್ತರ, ಜೊತೆಗೆ ಧ್ವನಿಮುದ್ರಣ ಬಲ್ಲ ಒಬ್ಬರು. ಹಾಡು ಕಟ್ಟಿದವರು ಮುಗಿದ ಟ್ರ್ಯಾಕನ್ನಲ್ಲ, ಮುಗಿಯದ ಹಾಡನ್ನು ತರಬೇಕು. ಟ್ರ್ಯಾಕಿಗೆ ದುಡ್ಡು ಸುರಿದ ಮೇಲೆ ಸಲಹೆ ಕೇಳುವವನಿಗೆ ಬೇಕಿರುವುದು ಮೆಚ್ಚುಗೆ ಮಾತ್ರ. ಚೆನ್ನಾಗಿದೆಯಾ ಎಂದು ಕೇಳಬಾರದು. ಎಲ್ಲಿ ಮಾತು ಕೇಳಿಸಲಿಲ್ಲ, ಎಲ್ಲಿ ಬೇಸರ ಬಂತು, ಯಾವ ವಾದ್ಯ ಇಲ್ಲದಿದ್ದರೂ ನಡೆಯುತ್ತಿತ್ತು ಎಂದು ಕೇಳಬೇಕು. ಸಲಹೆಗಾರ ಸಾಲನ್ನು ತಾನೇ ಬರೆದುಕೊಡಬಾರದು, ಜಾಗ ತೋರಿಸಿ ಬಿಡಬೇಕು. ತಿದ್ದಿದ ಹಾಡನ್ನು ಮುಂದಿನ ಸಲ ಕೋಣೆಯಲ್ಲಲ್ಲ, ಬಯಲಿನಲ್ಲಿ ಕೇಳಬೇಕು. ಹೂವಿನಹಡಗಲಿಯಲ್ಲಿ ಎಂ.ಪಿ. ಪ್ರಕಾಶ್ ಕಟ್ಟಿದ ರಂಗಭಾರತಿ, ಮರಿಯಮ್ಮನಹಳ್ಳಿಯ ರಂಗಕಲಾವಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಬಾಗಲಕೋಟೆಯ ಬಯಲಾಟ ಅಕಾಡೆಮಿ ಇಷ್ಟೂ ನಮ್ಮ ಸುತ್ತಲೇ ಇವೆ. ಹೊಸ ಸಂಸ್ಥೆ ಬೇಡ, ಇರುವ ಸಂಸ್ಥೆಗಳು ಹಳೆಯ ಆಟ ಕಲಿಸುವ ಶಿಬಿರದ ಜೊತೆಗೆ ಹೊಸ ಹಾಡು ತಿದ್ದುವ ಒಂದು ದಿನವನ್ನೂ ಸೇರಿಸಿಕೊಂಡರೆ ಸಾಕು.

ದುಡ್ಡು ಯಾರು ಕೊಡಬೇಕು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಾರದು. ಬಯಲಾಟದ ಮಾಸ್ತರನಿಗೆ ಸರ್ಕಾರ ಸಂಬಳ ಕೊಟ್ಟಿರಲಿಲ್ಲ, ಆಟ ಬೇಕೆಂದ ಊರು ಕೊಟ್ಟಿತ್ತು. ಜಾತ್ರೆಯ ಡಿಜೆಗೆ ಪಟ್ಟಿ ಎತ್ತುವ ಸಮಿತಿ ಅದೇ ಪಟ್ಟಿಯಲ್ಲಿ ಒಂದು ಹೊಸ ಹಾಡಿಗೆ, ಅದನ್ನು ತಿದ್ದಿದವನ ಕೂಲಿಗೆ ಒಂದಿಷ್ಟು ತೆಗೆದಿಡಬಹುದು. ಹಾಡಿನ ಕೆಳಗೆ ಸಾಹಿತ್ಯ, ಸಂಗೀತ, ಗಾಯನ ಎಂದು ಹೆಸರು ಹಾಕುವವರು ತಿದ್ದಿದವರ ಹೆಸರನ್ನೂ ಹಾಕಬಹುದು. ಬಿಟ್ಟಿ ಸಲಹೆಯಲ್ಲಿ ಮುಲಾಜು ಹೆಚ್ಚು, ನೇರಮಾತು ಕಡಿಮೆ. ಕೂ‌ಲಿ ಪಡೆದವನು ಮಾತ್ರ ಹಾಡಿನ ಮಾಲೀಕನ ಮುಖ ನೋಡದೆ ಹಾಡಿನ ತಪ್ಪು ಹೇಳಬಲ್ಲ. ತಿದ್ದುವ ಕೆಲಸಕ್ಕೆ ಬೆಲೆಯಿಲ್ಲದ ಸೀಮೆಯಲ್ಲಿ ಹಾಡುಗಳ ಸಂಖ್ಯೆ ಬೆಳೆಯುತ್ತಲೇ ಹೋಗಬಹುದು. ಮುಂದಿನ ಜಾತ್ರೆಗೆ ಜನ ಮತ್ತೆ ಬೇಕೆಂದು ಕೇಳುವ ಹಾಡು ಮಾತ್ರ ಹಾಗೆ ಬೆಳೆಯುವುದಿಲ್ಲ.